ಹನ್ನೊಂದನೇ ಕಾಲಮಿನ ‘ಹೌದು’

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ಹಾಸನದ ಒಂದು ಸರ್ಕಾರಿ ಕಚೇರಿಯಲ್ಲಿ ಕೂತು, ಸಮಾನತೆ ಎಲ್ಲಿಯವರೆಗೆ ಬಂದಿದೆ ಎಂದು ಮೂರು ತಿಂಗಳಿಗೊಮ್ಮೆ ಮೇಲಕ್ಕೆ ಬರೆದು ಕಳಿಸುವುದು ನನ್ನ ಕೆಲಸವಾಗಿತ್ತು. ಹೀಗೆ ಹೇಳಿಕೊಂಡರೆ ದೊಡ್ಡ ಮನುಷ್ಯನಂತೆ ಕೇಳಿಸುತ್ತದೆ. ಆಗ ನನಗೆ ಇಪ್ಪತ್ತಮೂರು. ಗುಮಾಸ್ತರ ಸಾಲಿನಲ್ಲಿ ಕಟ್ಟಕಡೆಯವನು. ನನಗಿಂತ ಮೊದಲು ಆ ತಖ್ತೆ ಬರೆಯುತ್ತಿದ್ದವರು ವರ್ಗವಾಗಿ ಹೋಗುವಾಗ ತಮ್ಮ ಖಾನೆಯಲ್ಲಿದ್ದ ರೂಲುದೊಣ್ಣೆಯನ್ನೂ ತಖ್ತೆಯ ಫೈಲನ್ನೂ ಒಟ್ಟಿಗೆ ನನ್ನ ಕೈಗಿಟ್ಟು, ‘ಎರಡನ್ನೂ ಹುಷಾರಾಗಿ ಇಟ್ಕೋಪ್ಪ. ರೂಲುದೊಣ್ಣೆ ಆದ್ರೆ ಯಾರಾದ್ರೂ ಕೇಳ್ಕೊಂಡು ಬರ್ತಾರೆ’ ಎಂದಿದ್ದರು.

ತಖ್ತೆ ಎಂದರೆ ಮೇಜಿನಗಲದ ಕಾಗದ. ಕೆಂಪು ಶಾಯಿಯಲ್ಲಿ ನಾನೇ ಗೆರೆ ಎಳೆಯಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಜತೆಗೆ ಸುತ್ತಿನ ಕೆಲವು ಸಣ್ಣ ಊರುಗಳು. ಅಲ್ಲಿಯ ಮುನಿಸಿಪಾಲಿಟಿಗಳಲ್ಲಿ ಯಾವ ಜಾತಿಯವರು ಎಷ್ಟು ಮಂದಿ ಯಾವ ಕೆಲಸದಲ್ಲಿದ್ದಾರೆ, ಯಾವ ಬೀದಿಗೆ ಎಷ್ಟು ದೀಪ, ಎಷ್ಟು ನಲ್ಲಿ, ಚರಂಡಿ ಬಳಿಯುವವರು ಯಾವ ಕೇರಿಗೆ ವಾರಕ್ಕೆಷ್ಟು ಸಲ ಹೋಗುತ್ತಾರೆ, ಇದನ್ನೆಲ್ಲ ಖುದ್ದು ನೋಡಿ ತುಂಬಬೇಕು. ಒಟ್ಟು ಹನ್ನೆರಡು ಕಾಲಮು. ಹನ್ನೆರಡನೆಯದು ಷರಾ, ಅಲ್ಲಿ ಏನೂ ಬರೆಯದಿದ್ದವನೇ ಜಾಣ. ಹನ್ನೊಂದನೆಯದರ ತಲೆಯ ಮೇಲೆ ಹೀಗಿತ್ತು: ‘ನೌಕರರು ತಾವು ನೇಮಕವಾದ ಹುದ್ದೆಯ ಕೆಲಸವನ್ನೇ ಮಾಡುತ್ತಿದ್ದಾರೆಯೇ?’ ಇದನ್ನು ಯಾರು ಯೋಚಿಸಿ ಸೇರಿಸಿದರೋ ತಿಳಿಯದು. ಅವರಿಗೆ ನಮ್ಮ ಕಚೇರಿಗಳ ಒಳಗುಟ್ಟು ಚೆನ್ನಾಗಿ ಗೊತ್ತಿದ್ದಿರಬೇಕು.

ಮೊದಲ ವರ್ಷ ನಾನು ನಿಯತ್ತಾಗಿ ಎಲ್ಲ ಕಡೆಗೂ ಹೋದೆ. ಈಗ ನೆನೆದರೆ ಆ ವರ್ಷವೇ ಒಂದು ಹಬ್ಬದಂತಿತ್ತು. ಉದ್ದ ಮೂತಿಯ ಬಸ್ಸುಗಳು. ಸೈಕಲ್ಲನ್ನು ಅವುಗಳ ತಲೆಯ ಮೇಲೆ ಹಾಕಿಸಿಕೊಂಡು ಹೋಗಿ, ಇಳಿದ ಊರಿನಲ್ಲಿ ತುಳಿಯುತ್ತಿದ್ದೆ. ಹಳೇಕೋಟೆಯ ಕಡೆಯ ರೈತರು ಸೊಪ್ಪಿನ ಬುಟ್ಟಿ ಹತ್ತಿಸಿದರೆ ನನ್ನ ಫೈಲು ದಂಟಿನ ಸೊಪ್ಪಿನ ಕೆಳಗೆ ಸೇರಿ, ಹೊಳೆನರಸೀಪುರದಲ್ಲಿ ಹೊರಗೆ ಬರುವಾಗ ಒದ್ದೆಯಾಗಿ ಹಸಿರು ವಾಸನೆ ಹೊಡೆಯುತ್ತಿತ್ತು. ಅರಕಲಗೂಡಿನ ಹೋಟೆಲಿನಲ್ಲಿ ಉಪ್ಪಿಟ್ಟಿನ ಜತೆ ಕೊಡುತ್ತಿದ್ದ ಕಾಯಿಚಟ್ನಿಗೆ ಇವತ್ತಿಗೂ ಸಮಾನವಾದದ್ದು ನನಗೆ ಸಿಕ್ಕಿಲ್ಲ. ಬೀದಿ ಬೀದಿ ತಿರುಗಿ ದೀಪದ ಕಂಬ ಎಣಿಸುತ್ತಿದ್ದೆ. ಒಂದೂರಿನಲ್ಲಿ ಎರಡು ಬೀದಿ ಕೂಡುವ ಮೂಲೆಯ ಒಂದೇ ಕಂಬವನ್ನು ಎರಡೂ ಬೀದಿಯ ಲೆಕ್ಕಕ್ಕೆ ಹಾಕಿದ್ದರು. ಕೇಳಿದ್ದಕ್ಕೆ ದೀಪದ ಕೆಲಸದವನು, ‘ಬೆಳಕು ಎಲ್ಡೂ ಕಡೀಕೂ ಬೀಳ್ತದಲ್ಲ ಸಾ, ನಾನೇನು ಒಂದ್ ಕಡೀಕೆ ಕಟ್ಟಾಕಿದ್ದೀನಾ?’ ಎಂದ. ನಾನು ವಾದಕ್ಕೆ ಹೋಗದೆ ಎರಡು ಎಂದೇ ಬರೆದುಕೊಂಡೆ.

ಆದರೆ ನಾನು ಹುಟ್ಟಾ ಯೋಚನೆಗಾರ. ತತ್ವಜ್ಞಾನಿಯ ಯೋಚನೆಯಲ್ಲ, ಬಸ್ಸು ಕೆಟ್ಟರೆ ಏನು ಗತಿ, ಹೋಟೆಲಿನ ನೀರಿನಲ್ಲಿ ಏನಾದರೂ ಇದ್ದರೆ, ಸೈಕಲ್ಲಿಗೆ ಕಟ್ಟಿದ ಹಗ್ಗ ಬಿಚ್ಚಿಕೊಂಡರೆ, ಈ ನಮೂನೆಯದು. ಎರಡನೇ ವರ್ಷದ ಮೊದಲಿಗೆ ಒಂದು ಬಸ್ಸು ನಿಜವಾಗಿಯೂ ಬಟಾಬಯಲಿನಲ್ಲಿ ಕೆಟ್ಟು ನಿಂತು, ನಾನು ಬಿಸಿಲಿನಲ್ಲಿ ನಡೆದು, ಮೂರು ದಿನ ಜ್ವರದಲ್ಲಿ ಮಲಗಿದೆ. ಅಲ್ಲಿಗೆ ನನ್ನ ಯೋಚನೆಗೆ ಸಾಕ್ಷಿ ಸಿಕ್ಕಂತಾಯಿತು. ಆಮೇಲೆ ದೂರದ ಊರುಗಳಿಗೆ ಹೋಗುವುದನ್ನು ಬಿಟ್ಟೆ. ಅಲ್ಲಿಯ ಹೆಡ್ ಗುಮಾಸ್ತರಿಗೆ ಒಂದು ಕಾರ್ಡು ಬರೆಯುವುದು, ಅವರು ಸಹಿ ಮಾಡಿ ಕಳಿಸಿದ್ದನ್ನು ಗೆರೆಗಳ ನಡುವೆ ಇಳಿಸುವುದು, ಕೆಳಗೆ ‘ಖುದ್ದು ಸ್ಥಳ ಪರಿಶೀಲಿಸಿದ್ದೇನೆ’ ಎಂದು ಬರೆದು ನನ್ನ ಸಹಿ ಹಾಕುವುದು. ಒಂದು ವರ್ಷ, ನಾಲ್ಕು ತಖ್ತೆ. ಹನ್ನೊಂದನೇ ಕಾಲಮಿನಲ್ಲಿ ನಾಲ್ಕು ಸಲವೂ ‘ಹೌದು’.

ಮನೆಯ ಸಂಗತಿಯನ್ನೂ ಹೇಳಿಬಿಡಬೇಕು. ನಮ್ಮದು ಬಾಗೂರಿನ ಕಡೆಯ ಬೇಸಾಯದ ಮನೆ. ಕೇರಿಯಿಂದ ಕೆಲಸಕ್ಕೆ ಬರುತ್ತಿದ್ದ ಆಳುಗಳಿಗೆಂದು ಹಿತ್ತಲ ಗೋಡೆಯ ಮೇಲೆ ಬೇರೆ ಲೋಟ ಕವುಚಿ ಹಾಕಿರುತ್ತಿತ್ತು. ಶನಿವಾರ ಊರಿಗೆ ಹೋದಾಗ ಅದು ಕಣ್ಣಿಗೆ ಬಿದ್ದು, ‘ಇದನ್ನ ತೆಗೀಬಾರದೇನವ್ವ’ ಎಂದು ಒಂದು ಸಲ ಕೇಳಿದ್ದೆ. ‘ಸರ್ಕಾರದ್ ಕೆಲ್ಸವ ಸರ್ಕಾರ್ದಲ್ಲೇ ಮಡಗ್ಬುಟ್ಟು ಬಾ ಕಣ್ಲಾ, ಮನೆಗಂಟ ಒತ್ಕೊಂಡ್ ಬರಬ್ಯಾಡ’ ಎಂದಳು ಅವ್ವ. ನಾನೂ ಮಡಗಿಯೇ ಬರುತ್ತಿದ್ದೆ. ಅಷ್ಟರಲ್ಲಿ ಅವ್ವ ರಾಗಿರೊಟ್ಟಿ ಬಡಿಯುತ್ತಿದ್ದಳು. ಅದರ ವಾಸನೆಗೆ ಎಂಥ ತತ್ವವೂ ಸ್ವಲ್ಪ ಹೊತ್ತು ಕಾಯಬಲ್ಲದು.

ಹೀಗಿರುವಾಗ ಕಚೇರಿಗೆ ಹೊಸ ಸಾಹೇಬರು ಬಂದರು. ಮೆತ್ತಗೆ ಮಾತಾಡುವ ಮನುಷ್ಯ. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಇವರಿಗೆ ಇದ್ದ ದೊಡ್ಡ ದೋಷವೆಂದರೆ ಮುಂದೆ ಬಂದ ಕಾಗದವನ್ನು ಓದುತ್ತಿದ್ದರು. ಒಂದು ದಿನ ನನ್ನನ್ನು ಕರೆಸಿ ಒಂದು ಫೈಲು ಮುಂದೆ ತಳ್ಳಿದರು. ನಮ್ಮ ಸುತ್ತಿನ ಒಂದು ಸಣ್ಣ ಪಟ್ಟಣದ್ದು. ಯಾವ ಊರೆಂದು ಹೇಳುವುದಿಲ್ಲ. ಹೇಳಿದರೆ ಆ ಊರಿನವರಿಗೆ ಕೋಪ ಬರುತ್ತದೆ. ಹೇಳದಿದ್ದರೆ ಎಲ್ಲ ಊರಿನವರೂ ಪಕ್ಕದೂರಿನ ಮೇಲೆ ಅನುಮಾನ ಪಡುತ್ತಾರೆ, ಅದು ಹೇಗೂ ಇದ್ದದ್ದೇ.

ಆ ಊರಿನ ಮುನಿಸಿಪಾಲಿಟಿಗೆ, ಮೀಸಲು ಜಾಗದಲ್ಲಿ, ಕೇರಿಯ ಒಬ್ಬ ಯುವಕ ಜವಾನನಾಗಿ ಬಂದು ವರ್ಷವಾಗಿತ್ತು. ಕೇರಿಯಿಂದ ಕಚೇರಿಯ ಒಳಗಿನ ಕೆಲಸಕ್ಕೆ ಬಂದವರಲ್ಲಿ ಆತನೇ ಮೊದಲಿಗ. ಈಗ ಆತನನ್ನು ಖಾಯಂ ಮಾಡಬೇಕು, ಇಲ್ಲವೇ ಬಿಡಿಸಬೇಕು. ಅಲ್ಲಿಯ ಹೆಡ್ ಗುಮಾಸ್ತರು ಬರೆದಿದ್ದರು: ‘ಸದರಿ ಜವಾನನು ಕಚೇರಿಯ ಒಳಗಿನ ಕೆಲಸವನ್ನಾಗಲಿ ಸಭೆಯ ಕೆಲಸವನ್ನಾಗಲಿ ಇದುವರೆಗೂ ನಿರ್ವಹಿಸಿರುವುದಿಲ್ಲ. ಖಾಯಂ ಮಾಡಲು ಶಿಫಾರಸು ಇರುವುದಿಲ್ಲ.’

‘ವರ್ಷವೆಲ್ಲ ಕೆಲಸವೇ ಮಾಡದೆ ಒಬ್ಬ ಜವಾನ ಹೇಗೆ ಇದ್ದ? ಹೋಗಿ ನೋಡಿಕೊಂಡು ಬನ್ನಿ’ ಎಂದರು ಸಾಹೇಬರು.

ಇದೇ ಹೆಡ್ ಗುಮಾಸ್ತರು ನಾಲ್ಕು ಕಾರ್ಡಿನಲ್ಲಿ ಸಹಿ ಮಾಡಿ ‘ಹೌದು’ ಎಂದಿದ್ದರು. ಆ ನಾಲ್ಕು ‘ಹೌದು’ಗಳ ಕೆಳಗೆ, ಸ್ಥಳವನ್ನು ಕಣ್ಣಾರೆ ಕಂಡವನೆಂದು ನಾನು ಸಹಿ ಹಾಕಿದ್ದೆ. ಸಾಹೇಬರು ಎರಡನ್ನೂ ಇನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ನೋಡಿದ ದಿನ ಮನೆಗೆ ಹೋಗುವವರು ಇಬ್ಬರು: ಜವಾನ ಒಬ್ಬ, ನಾನೊಬ್ಬ.

ತಖ್ತೆಯ ಕಾರ್ಬನ್ ಪ್ರತಿಗಳನ್ನೂ ಆ ಕಾರ್ಡುಗಳನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಅಂದು ಬಸ್ಸು ಕೆಡಲಿಲ್ಲ. ಕೆಡಬೇಕಾದ ದಿನ ಅವು ಕೆಡುವುದಿಲ್ಲ.

ಮುನಿಸಿಪಾಲಿಟಿಯ ಕಾಂಪೌಂಡಿನಲ್ಲಿ ಹೊಂಗೆಮರದ ಕೆಳಗೆ ಒಂದು ಕಲ್ಲಿನ ಮೇಲೆ ಆತ ಕೂತಿದ್ದ. ನನ್ನದೇ ವಯಸ್ಸು. ಇಸ್ತ್ರಿ ಮಾಡಿದ ಖಾಕಿ, ಎದೆಗೆ ಅಡ್ಡಲಾಗಿ ಕೆಂಪು ಡವಾಲಿ ಪಟ್ಟಿ. ಅದರ ಹಿತ್ತಾಳೆ ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದ್ದನೆಂದರೆ ಗೇಟಿನಿಂದಲೇ ಕಣ್ಣು ಕುಕ್ಕಿತು.

‘ಇಲ್ಲಿ ಜವಾನರು ನೀವೇನಾ?’

ಎದ್ದು ನಿಂತ. ‘ಊಂ ಸಾ. ಕಾಗದದಲ್ಲಿ ನಾನೇಯ.’

‘ಮತ್ತೆ ಇಲ್ಲಿ ಯಾಕೆ ಕೂತಿದ್ದೀರಿ?’

‘ಡೂಟಿ ಸಾ. ಸೈಕಲ್ ಕಾಯ್ತಾ ಇವ್ನಿ.’

ಸುತ್ತ ನೋಡಿದೆ. ‘ಸೈಕಲ್ ಎಲ್ಲಿ?’

‘ಮೆಂಬರುಗಳು ಮೀಟಿಂಗ್ ದಿನ ತತ್ತಾರೆ ಸಾ. ತಿಂಗ್ಳಿಗೊಂದ್ ದಿನ. ಮಿಕ್ಕಿದ್ ದಿನ ಜಾಗ ಕಾಯಾದು.’

ಆತ ನಗಲಿಲ್ಲ. ನಾನು ನಗಬೇಕೋ ಬೇಡವೋ ಎಂದು ತಿಳಿಯದೆ ಕೆಮ್ಮಿದೆ. ‘ಟಪಾಲು ಹಂಚೋದು?’

‘ಅಗೋ ಆ ಕಿಟಕಿ ಮ್ಯಾಲೆ ಮಡಗ್ತಾರೆ ಸಾ. ನಾನು ಎತ್ಕೊಂಡೋಗಿ ಕೊಟ್ಬುಟ್ಟು, ರುಜು ಆಕ್ಸಿ, ಪುಸ್ತಕವ ತಿರ್ಗ ಅಲ್ಲೇ ಮಡಗ್ತೀನಿ. ಒಂದಿನ ಕೋತಿ ಬಂದು ಪುಸ್ತಕ ಎತ್ಕೊಂಡು ಒಳೀಕೆ ಓಗಿ ಪ್ರೆಸಿಡೆಂಟ್ರ ಕುರ್ಚಿ ಮ್ಯಾಲೇ ಕೂತ್ಕತ್ತು. ಅದುನ್ನ ಯಾರೂ ಏನೂ ಅನ್ನಲಿಲ್ಲ ಬುಡಿ.’

‘ನೀವು ಒಳಗೆ ಹೋಗೇ ಇಲ್ವ?’

‘ಬಾ ಅಂದ್ರೆ ತಾನೇ ಸಾ ಓಗಾದು? ಮೊದಲ್ನೇ ದಿನ ಓದೆ. ನೀರಿನ ಹೂಜಿ ತಾವು ನಿಂತ್ಕೊಂಡೆ. ಹೆಡ್ ಗುಮಾಸ್ತರು, ಬಾಪ್ಪ ಆಚೆಗೆ ನಿಂಗೊಂದು ಒಳ್ಳೆ ಜಾಗ ತೋರುಸ್ತೀನಿ, ನೆಳ್ಳು ಚೆನ್ನಾಗದೆ ಅಂತ ಕರ್ಕೊಂಡ್ ಬಂದ್ರು. ನೆಳ್ಳು ಚೆನ್ನಾಗೇ ಅದೆ ಸಾ.’

ಒಳಗೆ ಹೋದೆ. ಹೆಡ್ ಗುಮಾಸ್ತರು ನನ್ನನ್ನು ಅಳಿಯನನ್ನು ಕಂಡಂತೆ ಕಂಡು ಕಾಫಿ ತರಿಸಿದರು. ಕೆಟ್ಟ ಮನುಷ್ಯರಲ್ಲ. ಮಾತಿಗೆ ಮೊದಲು ನನ್ನ ಜ್ವರದ ಸಮಾಚಾರ ಕೇಳಿದರು, ಕಾರ್ಡಿನಲ್ಲಿ ಬರೆದಿದ್ದೆನಲ್ಲ.

‘ಜವಾನನ ವಿಷಯ’ ಎಂದೆ.

‘ನಾನೇನು ರಾಕ್ಷಸನಾ ಹೇಳಿ? ನನಗೆ ಏನೂ ಇಲ್ಲ. ಆದ್ರೆ ಅವನು ಹೂಜಿ ಮುಟ್ಟಿದ್ರೆ ಅರ್ಧ ಜನ ಮೆಂಬರು ಎದ್ದು ಹೋಗ್ತಾರೆ. ಕೋರಂ ಇಲ್ಲ ಅಂತ ಸಭೆ ನಿಲ್ಲುತ್ತೆ. ಸಭೆ ನಿಂತ್ರೆ ಚರಂಡಿ ಕೆಲಸ ನಿಲ್ಲುತ್ತೆ. ಆವಾಗ ನೀವೇ ಬಂದು ಬರೀತೀರಿ, ಈ ಊರಲ್ಲಿ ಚರಂಡಿ ಬಳಿಯೋಲ್ಲ ಅಂತ.’

‘ಕಾನೂನು ಬಂದಿದೆಯಲ್ಲ ಸರ್.’

‘ಬಂದಿದೆ. ಅದು ನಮ್ಮೂರಿನ ಬಸ್‌ಸ್ಟಾಂಡಲ್ಲಿ ಇಳಿದಿದೆ, ಇನ್ನೂ ಆಫೀಸಿಗೆ ನಡ್ಕೊಂಡು ಬರ್ತಾ ಇದೆ.’

‘ಅದಕ್ಕೆ ಕೆಲಸವೇ ಮಾಡಿಲ್ಲ ಅಂತ ಬರೆದ್ರಾ?’

‘ಮಾಡಿಲ್ಲವಲ್ಲ! ಸುಳ್ಳು ಬರೀಲಾ?’

‘ಮಾಡೋದಕ್ಕೆ ನೀವು ಬಿಟ್ಟಿಲ್ಲ.’

‘ಅದನ್ನ ಬರೆಯೋಕೆ ಕಾಲಂ ಎಲ್ಲಿದೆ?’ ಅವರು ದನಿ ತಗ್ಗಿಸಿದರು. ‘ನೋಡಿ, ಅವನನ್ನ ಬೀದಿಗೆ ಹಾಕ್ತಾ ಇಲ್ಲ. ಕಸ ಗುಡಿಸೋರ ಲಿಸ್ಟಿನಲ್ಲಿ ಒಂದು ಜಾಗ ಖಾಲಿ ಇದೆ. ತಾಯಿ ಅದೇ ಕೆಲಸದಲ್ಲಿ ಇದ್ದಾಳೆ. ನಾಳೆಯಿಂದಲೇ ಬರಲಿ.’

ನಾನು ಚೀಲದಿಂದ ನಾಲ್ಕು ಪ್ರತಿಗಳನ್ನು ತೆಗೆದು, ಅವರ ನಾಲ್ಕು ಕಾರ್ಡುಗಳನ್ನು ಅವುಗಳ ಮೇಲಿಟ್ಟು ಮುಂದೆ ಸರಿಸಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಕಾಫಿಯ ಲೋಟದ ಮೇಲೆ ಕೆನೆ ಕಟ್ಟಿತು.

‘ನನ್ನ ರುಜುವೇ’ ಎಂದರು ಕಡೆಗೆ.

‘ಹೌದು ಸರ್. ಎಲ್ಲ ಕೆಲಸ ಮಾಡ್ತಾ ಇದ್ದಾನೆ ಅಂತ ಬರೆದಿದ್ದೀರಿ.’

‘ಕೆಳಗಡೆ ನಿಮ್ಮದೂ ಇದೆ. ಖುದ್ದು ಪರಿಶೀಲಿಸಿದ್ದೇನೆ ಅಂತ. ನೀವು ಯಾವತ್ತು ಬಂದಿದ್ರಿ?’

ಇಬ್ಬರೂ ಕೊಂಚ ಹೊತ್ತು ಗೋಡೆಯ ಕ್ಯಾಲೆಂಡರು ನೋಡಿದೆವು. ಆಮೇಲೆ ಅವರು, ಮಗನಿಗೆ ಬುದ್ಧಿ ಹೇಳುವ ದನಿಯಲ್ಲಿ, ‘ಆಫೀಸು ಅಂದಮೇಲೆ ಶಾಯಿ ಬಾಟ್ಲಿ ಇರುತ್ತೆ. ಬಾಟ್ಲಿ ಅಂದಮೇಲೆ ಒಂದಿನ ಉರುಳುತ್ತೆ. ಹಳೇ ತಖ್ತೆ ಮೇಲೆ ಉರುಳಿದ್ರೆ ಯಾರು ಏನು ಮಾಡೋಕಾಗುತ್ತೆ? ನೀವೂ ಉಳೀತೀರಿ, ನಾನೂ ಉಳೀತೀನಿ’ ಎಂದರು.

ಉಳಿಯದವನು ಹೊರಗೆ ನೆರಳಿನಲ್ಲಿ ಕೂತಿದ್ದ. ಆತನ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಗೇಟಿನ ಹತ್ತಿರ ಒಬ್ಬ ಹೆಂಗಸು ಉದ್ದ ಹಿಡಿಯ ಪೊರಕೆಯಲ್ಲಿ ಗುಡಿಸುತ್ತಿದ್ದವಳು ನನ್ನನ್ನು ಕಂಡು, ದೂಳು ಏಳದಂತೆ ಕೈ ನಿಲ್ಲಿಸಿದಳು. ‘ಆಸನದಿಂದ ಬಂದೋರಾ ಸಾ? ನಮ್ಮೈದನ್ ಇಸ್ಯಕ್ಕೆ?’

ಹೌದೆಂದೆ.

‘ಅವ್ನು ನಂಗೇನೂ ಏಳಾಕಿಲ್ಲ. ನಂಗೊತ್ತದೆ ಬುಡಿ. ಸಾ, ಇದು ಅವ್ನ ಕೈಗೆ ಬರದು ಬ್ಯಾಡ.’ ಪೊರಕೆಯನ್ನು ನನ್ನ ಕಡೆಗೆ ಒಂದಿಷ್ಟು ಎತ್ತಿ ತೋರಿಸಿದಳು. ‘ಕೂಲಿಗಾದ್ರೂ ಓಗ್ಲಿ, ಮೂಟೆ ಬೇಕಾರೂ ಒರ್ಲಿ. ಇದು ಬ್ಯಾಡ. ಇದು ನನ್ ಜತೇಲೇ ಮುಗೀಲಿ, ಅಷ್ಟೇಯ.’

‘ನೋಡ್ತೀನಿ’ ಎಂದೆ. ಸರ್ಕಾರಿ ನೌಕರ ಏನನ್ನೂ ನೋಡದಿರುವಾಗ ಹೇಳುವ ಮಾತು ಅದು. ಅವಳಿಗೂ ಅದು ತಿಳಿದಿತ್ತು ಎಂದು ಕಾಣುತ್ತದೆ. ಮತ್ತೆ ಗುಡಿಸಲು ತೊಡಗಿದಳು.

ಮಾರನೇ ದಿನ ಭಾನುವಾರ. ಮನಸ್ಸು ಕೆಟ್ಟಾಗಲೆಲ್ಲ ನಾನು ಸೈಕಲ್ ತುಳಿದುಕೊಂಡು ಮೊಸಳೆ ಎಂಬ ಊರಿಗೆ ಹೋಗಿ, ಅಲ್ಲಿಯ ಜೋಡಿ ಗುಡಿಗಳ ನಡುವಿನ ಜಾಗದಲ್ಲಿ ಕೂರುತ್ತಿದ್ದೆ. ಎರಡೂ ಒಂದೇ ಎತ್ತರ, ಒಂದೇ ಅಳತೆ. ಅವತ್ತು ಆ ಸಮಾನತೆಯೂ ನನ್ನನ್ನು ಅಣಕಿಸಿದಂತೆ ಕಂಡಿತು. ಏನೇನಾಗಬಹುದೆಂದು ಒಂದೊಂದಾಗಿ ಯೋಚಿಸಿದೆ. ಕೆಲಸ ಹೋಗುತ್ತದೆ. ಅಪ್ಪ ಏನೂ ಅನ್ನುವುದಿಲ್ಲ, ಎತ್ತಿನ ಹಗ್ಗ ನನ್ನ ಕೈಗೆ ಕೊಡುತ್ತಾನೆ. ಅರಕಲಗೂಡಿನ ಕಡೆ ನೋಡಿಟ್ಟಿದ್ದ ಹೆಣ್ಣಿನವರು, ಸುಳ್ಳು ಬರೆದು ಸಿಕ್ಕಿಬಿದ್ದ ಗಂಡು ಬೇಡ ಎನ್ನುತ್ತಾರೆ. ಶಾಯಿ ಬಾಟಲಿ ಉರುಳಿಸಿದರೆ ಇದು ಯಾವುದೂ ಇಲ್ಲ. ನಾನು ಮಾಡಬೇಕಾದದ್ದು ಮೊಣಕೈಯನ್ನು ನಾಲ್ಕು ಬೆರಳು ಸರಿಸುವುದು ಮಾತ್ರ.

ಧೈರ್ಯ ಬಂದು ನಾನು ನಿಜ ಹೇಳಲಿಲ್ಲ. ಬಾಟಲಿ ಉರುಳಿಸಿದ ಮೇಲೆ ಜೀವಮಾನವೆಲ್ಲ ಅದರ ಯೋಚನೆ ಮಾಡಬೇಕಾಗುತ್ತದೆ, ಅದಕ್ಕಿಂತ ಒಂದೇ ದಿನದಲ್ಲಿ ಮುಗಿಯುವ ಯೋಚನೆ ಮೇಲು ಎಂದು ಲೆಕ್ಕ ಹಾಕಿದೆ. ಸೋಮವಾರ ಬೆಳಗ್ಗೆ ನಾಲ್ಕು ತಖ್ತೆ, ಕಾರ್ಡುಗಳು, ಹೆಡ್ ಗುಮಾಸ್ತರ ವರದಿ, ಎಲ್ಲವನ್ನೂ ಸಾಹೇಬರ ಮೇಜಿನ ಮೇಲೆ ಹರಡಿದೆ. ಅವರು ಲವಂಗವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ ಓದಿದರು.

‘ಇದರಲ್ಲಿ ಯಾವುದು ಸುಳ್ಳು?’

‘ನಾಲ್ಕೂ ಸುಳ್ಳು ಸರ್. ನಾನು ಹೋಗಿರಲಿಲ್ಲ. ಕೆಲಸ ಮಾಡಿಲ್ಲ ಅನ್ನೋ ವರದಿ ನಿಜ. ಆದರೆ ಆತನನ್ನ ಒಳಗೇ ಬಿಟ್ಟಿಲ್ಲ.’

ಸಾಹೇಬರು ಪೆನ್ನು ತೆಗೆದು ಬರೆಯಲು ಶುರುಮಾಡಿದರು; ಬರೆಯುತ್ತಲೇ ಹೇಳಿದರು. ಜವಾನನ ಪರೀಕ್ಷಾ ಅವಧಿ ಇನ್ನು ಮೂರು ತಿಂಗಳು. ಅಷ್ಟರಲ್ಲಿ ಮೂರು ಸಭೆ ಬರುತ್ತವೆ. ಮೂರರಲ್ಲೂ ಆತನೇ ಒಳಗಿನ ಕೆಲಸ ಮಾಡಬೇಕು. ತಡೆದವರ ಹೆಸರು ತಮಗೆ ಬರಬೇಕು. ನನ್ನ ಸೇವಾ ಪುಸ್ತಕದಲ್ಲಿ ಒಂದು ವಾಗ್ದಂಡನೆ.

ಬದುಕಿದೆ ಎಂದುಕೊಂಡು ನಾನು ತಿರುಗುವಷ್ಟರಲ್ಲಿ, ‘ಮೂರು ಸಭೆಗೂ ನೀವು ಹೋಗಬೇಕು. ಆತ ಕೊಟ್ಟ ನೀರನ್ನ ಮೊದಲು ನೀವು ಕುಡೀರಿ. ಆಮೇಲೆ ಹನ್ನೊಂದನೇ ಕಾಲಂ ತುಂಬಿ’ ಎಂದರು.

ಮೊದಲ ಸಭೆ. ಉದ್ದನೆಯ ಮೇಜು, ಎರಡೂ ಕಡೆ ಮೆಂಬರುಗಳು, ತುದಿಯಲ್ಲಿ ಪ್ರೆಸಿಡೆಂಟರು. ಸಾಹೇಬರ ಕಾಗದ ಓದಿದ್ದರಿಂದ ಯಾರೂ ಎದ್ದು ಹೋಗಲಿಲ್ಲ. ಆದರೆ ಎಲ್ಲರಿಗೂ ಒಟ್ಟಿಗೆ ಬಾಯಾರಿಕೆ ನಿಂತುಹೋಗಿತ್ತು. ಆತ ಹೂಜಿಯಿಂದ ಲೋಟಗಳಿಗೆ ಬಗ್ಗಿಸಿ, ತಟ್ಟೆಯಲ್ಲಿಟ್ಟುಕೊಂಡು, ಒಂದು ಹನಿ ತುಳುಕಿಸದೆ ಮೇಜಿನ ಉದ್ದಕ್ಕೂ ನಡೆದ. ಒಬ್ಬೊಬ್ಬರೂ ಕಾಗದ ನೋಡುತ್ತ ಬೇಡವೆಂದು ತಲೆಯಾಡಿಸಿದರು. ಕಡೆಗೆ ಮೂಲೆಯ ಸ್ಟೂಲಿನಲ್ಲಿದ್ದ ನನ್ನ ಮುಂದೆ ಬಂದು ನಿಂತ. ಎಲ್ಲರ ಕಣ್ಣೂ ನನ್ನ ಮೇಲೆ.

ಕೈ ಚಾಚಿದೆ. ಚಾಚಿದ ಕೈ ಲೋಟದಿಂದ ಗೇಣು ದೂರದಲ್ಲಿ ನಿಂತಿತು. ಎಷ್ಟು ಹೊತ್ತು? ರೆಪ್ಪೆ ಬಡಿಯುವಷ್ಟು ಇರಬಹುದು. ಮೆಂಬರುಗಳಿಗೆ ಕಂಡಿರಲಾರದು. ಅದು ನಾನು ಬೇಕೆಂದು ನಿಲ್ಲಿಸಿದ ಕೈಯಲ್ಲ, ಅದಾಗಿಯೇ ನಿಂತಿತು. ಎರಡು ವರ್ಷ ಸಮಾನತೆಯ ಗೆರೆ ಎಳೆದ ಅದೇ ಬಲಗೈ. ಆಮೇಲೆ ಲೋಟ ತೆಗೆದುಕೊಂಡು ಗಟಗಟ ಕುಡಿದೆ. ನಾಚಿಕೆಗೆ ಇನ್ನೊಂದು ಕೇಳಿ ಕುಡಿದೆ, ಮತ್ತೂ ಒಂದು. ಫಲವಾಗಿ ಸಭೆಯ ಮಧ್ಯೆ ಎರಡು ಸಲ ಹಿತ್ತಲ ಕಡೆಗೆ ಎದ್ದು ಹೋಗಬೇಕಾಯಿತು. ‘ಹಾಸನದೋರಿಗೆ ನಮ್ಮೂರ್ ನೀರು ರುಚಿ ಆಗದೆ ಕಣ್ರಪ್ಪಾ’ ಎಂದರು ಒಬ್ಬ ಮೆಂಬರು. ಎಲ್ಲರೂ ನಕ್ಕರು.

ಎರಡನೇ ಸಭೆಯ ಹೊತ್ತಿಗೆ ಬಿಸಿಲು ಏರಿತ್ತು. ಒಣಗಂಟಲಿನಲ್ಲಿ ಒಂದು ಗಂಟೆ ಮಾತಾಡಿದ ಮೇಲೆ ಪ್ರೆಸಿಡೆಂಟರಿಗೆ ಒಂದು ಉಪಾಯ ಹೊಳೆಯಿತು: ಗೋಲಿ ಸೋಡಾ ತರಿಸುವುದು. ಬಾಯಿ ಮುಚ್ಚಿದ ಬಾಟಲಿ, ಒಳಗಿನದನ್ನು ಯಾರೂ ಮುಟ್ಟಿರುವುದಿಲ್ಲ. ತರಬೇಕಾದವನು ಜವಾನ. ಆತ ಹೋಗಿ ಒಂದು ಕ್ರೇಟು ಹೊತ್ತು ತಂದ. ಹೆಬ್ಬೆರಳಿನಿಂದ ಒಂದೊಂದರ ಗೋಲಿಯನ್ನೂ ಟಪ್ಪೆಂದು ಒಳಗೆ ಒತ್ತಿ ಕೈಗೆ ಕೊಡುತ್ತ ಬಂದ. ಅದೇ ಕೈ, ಅದೇ ಹೆಬ್ಬೆರಳು, ಬಾಟಲಿಯ ಬಾಯಿಗೆ ತಾಗಿಯೇ ತಾಗುತ್ತದೆ. ಆ ಬಾಯಿಗೆ ಇವರು ಬಾಯಿಟ್ಟು ಕುಡಿದರು. ಹೆಡ್ ಗುಮಾಸ್ತರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಂತೆ ನನಗೆ ಅನ್ನಿಸಿತು. ಅದು ಅವರ ಕಣ್ಣಿನ ಎಂದಿನ ಅದುರುವಿಕೆಯೂ ಇರಬಹುದು. ನನ್ನ ಪಾಲಿಗೆ ಸೋಡಾ ಬರಲಿಲ್ಲ. ಸಾಹೇಬರ ಅಪ್ಪಣೆಯಂತೆ ನಾನು ನೀರನ್ನೇ ಕುಡಿದೆ.

ಮೂರನೇ ಸಭೆಯಲ್ಲಿ ಸೋಡಾ ಇರಲಿಲ್ಲ. ಅಂಗಡಿಯವನು ಮದುವೆಗೆ ಹೋಗಿದ್ದ. ಅವತ್ತಿನ ವಿಷಯ ಸಂತೆ ಮೈದಾನದ ಬೇಲಿ. ಜವಾನ ನೀರು ಮುಟ್ಟಬಾರದೆಂದು ಮೊದಲಿನಿಂದ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದ ಹಿರಿಯ ಮೆಂಬರೊಬ್ಬರು ಎದ್ದು ನಿಂತು, ಮೇಜು ಗುದ್ದಿ, ‘ಬೇಲಿ ಆಕುದ್ರೆ ನನ್ ಎಣದ್ ಮ್ಯಾಲೆ ಆಕ್ಬೇಕು’ ಎಂದು ಕೂಗುತ್ತಿದ್ದರು. ಎದುರಿನವರೂ ಬಿಡುವವರಲ್ಲ. ಮಾತಿನ ಮಧ್ಯೆ ಹಿರಿಯರ ದನಿ ಕಟ್ಟಿತು. ಎದುರಾಳಿಯ ಮೇಲಿಟ್ಟ ಕಣ್ಣು ತೆಗೆಯದೆ ಕೈಯನ್ನು ಪಕ್ಕಕ್ಕೆ ಚಾಚಿದರು. ಆ ಕೈಗೆ ಜವಾನ ಲೋಟ ಕೊಟ್ಟ. ಅವರು ಒಂದೇ ಗುಟುಕಿಗೆ ಕುಡಿದು, ಮೇಜಿನ ಮೇಲೆ ಕುಕ್ಕಿ, ‘ಇನ್ನೊಂದ್ ತತ್ತಾರ್ಲಾ’ ಎಂದು, ಬೇಲಿಯ ಮಾತನ್ನು ಬಿಟ್ಟ ಜಾಗದಿಂದಲೇ ಹಿಡಿದರು. ಆತ ಇನ್ನೊಂದು ತಂದುಕೊಟ್ಟ. ಕೊಂಚ ಹೊತ್ತಿಗೆ ಅವರ ಪಕ್ಕದವರೂ ಒಂದು ಲೋಟ ತೆಗೆದುಕೊಂಡರು. ಮಿಕ್ಕವರು ಕುಡಿಯಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಬೇಲಿ ಮಂಜೂರಾಗಲಿಲ್ಲ.

‘ಎಷ್ಟು ಜನ ಕುಡಿದ್ರು?’ ಎಂದು ಸಾಹೇಬರು ಕೇಳಿದರು.

‘ಮೂವರು ಸರ್.’

‘ನಿಮ್ಮನ್ನ ಬಿಟ್ಟು?’

‘ಇಬ್ಬರು ಸರ್.’

‘ಹಾಗೇ ಬರೀರಿ.’

ಹನ್ನೊಂದನೇ ಕಾಲಮಿನಲ್ಲಿ ‘ಹೌದು’ ಎಂದು ಬರೆದು, ಷರಾದಲ್ಲಿ ‘ನೀರು ಎಲ್ಲರಿಗೂ ಕೊಡಲಾಯಿತು, ಇಬ್ಬರು ಸದಸ್ಯರು ಕುಡಿದರು’ ಎಂದು ಸೇರಿಸಿದೆ. ನನ್ನ ಮೂವತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ಬರೆದ ಷರಾಗಳಲ್ಲಿ ಮತ್ತೊಮ್ಮೆ ಓದಿದರೂ ನಾಚಿಕೆಯಾಗದ್ದು ಬಹುಶಃ ಅದೊಂದೇ.

ಖಾಯಂ ಹುಕುಂ ಬಂದಾಗ ಟಪಾಲಿಗೆ ಹಾಕದೆ ನಾನೇ ತೆಗೆದುಕೊಂಡು ಹೋದೆ. ಈಗ ಆತ ಬಾಗಿಲಿನ ಒಳಗೆ, ಮೀಟಿಂಗ್ ಹಾಲಿನ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಿದ್ದ. ಕಾಗದವನ್ನು ಕೈಗೆ ಕೊಟ್ಟೆ. ತುಟಿಯಾಡಿಸುತ್ತ ಎರಡು ಸಲ ಓದಿದ. ‘ಅವ್ವಂಗೆ ತೋರಿಸ್ಬುಟ್ಟು ಬತ್ತೀನಿ ಸಾ, ಪ್ಯಾಟೆ ಬೀದೀಲಿ ಗುಡಿಸ್ತಾ ಅವ್ಳೆ’ ಎಂದು ಓಡಿದ. ಐದು ನಿಮಿಷಕ್ಕೆ ಏದುಸಿರು ಬಿಡುತ್ತ ಬಂದ.

‘ಏನಂದ್ರು?’

‘ಎಲ್ಲಿ ಮಡಗಾದು ಇದ್ನ ಅಂತ ಕೇಳುದ್ಲು ಸಾ. ಮನೇಲಿ ಇಲಿ ಕಾಟ.’

ಇಬ್ಬರೂ ನಕ್ಕೆವು. ನಾನು ಹೊರಡಲು ಎದ್ದೆ. ಆತ ಗಂಟಲು ಸರಿಮಾಡಿಕೊಂಡ. ‘ಒಂದ್ ಮಾತು ಸಾ, ಬೇಜಾರ್ ಮಾಡ್ಕಬ್ಯಾಡಿ. ಮೊದಲ್ನೇ ಮೀಟಿಂಗ್ನಲ್ಲಿ ಲೋಟ ಈಸ್ಕೊಳಾಕೆ ನೀವು ವಸಿ ತಡ ಮಾಡುದ್ರಿ.’

‘ಆಗಷ್ಟೇ ಜ್ವರ ಬಂದು ಬಿಟ್ಟಿತ್ತು. ನೀರು ತಣ್ಣಗಿದೆಯೇನೋ ಅಂತ ಯೋಚನೆ ಆಯ್ತು’ ಎಂದೆ. ಬಾಯಿಗೆ ಎಷ್ಟು ಸರಾಗವಾಗಿ ಬಂತೆಂದರೆ ನಾನೇ ಒಂದು ಕ್ಷಣ ನಂಬಿದೆ.

‘ಅಂಗಾ ಸಾ’ ಎಂದ. ಮರ್ಯಾದೆಯಿಂದಲೇ ಎಂದ.

ಬಾಗಿಲವರೆಗೂ ಹೋಗಿ ಹಿಂತಿರುಗಿದೆ. ‘ಇಲ್ಲ, ಜ್ವರ ಬಂದಿರಲಿಲ್ಲ.’

‘ಗೊತ್ತು ಸಾ.’

ಒಳಗೆ ಹೆಡ್ ಗುಮಾಸ್ತರು ಮೇಜಿನ ಗಂಟೆ ಒತ್ತಿದರು. ಆತ ಹುಕುಮನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಡವಾಲಿ ಸರಿಮಾಡಿಕೊಂಡು ಒಳಗೆ ಹೋದ.